ಏಳು ಸುತ್ತಿನ ಕೋಟೆಯಲ್ಲಿ ಕಳೆದುಹೋದ ಬೆಕ್ಕು

1443ರ ಏಪ್ರಿಲ್ ಕೊನೆಯಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನನ್ನು ನಾವು ಸಾಮಾನ್ಯವಾಗಿ ಎರಡು ಮಾತಿಗಾಗಿ ನೆನೆಯುತ್ತೇವೆ. ಊರಿಗೆ ಏಳು ಸುತ್ತಿನ ಕೋಟೆಯಿತ್ತು ಎಂದದ್ದು ಒಂದು. ಮಾಣಿಕ್ಯ, ಮುತ್ತು, ವಜ್ರಗಳನ್ನು ಬಜಾರಿನಲ್ಲಿ ರಾಜಾರೋಷವಾಗಿ ಮಾರುತ್ತಿದ್ದರು ಎಂದದ್ದು ಇನ್ನೊಂದು. ಹಂಪಿಯ ಗೈಡುಗಳ ಬಾಯಲ್ಲೂ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಪುಟದಲ್ಲೂ ಇವೆರಡೇ. ಹೆರಾತಿನ ಸುಲ್ತಾನ ಶಾರುಖನ ರಾಯಭಾರಿಯಾಗಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದಿದ್ದ ಈ ಮನುಷ್ಯ ಬರೆದಿಟ್ಟ ಮೂರನೆಯ ಸಂಗತಿಯೊಂದನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ಟಂಕಸಾಲೆಯ ಎದುರಿಗೆ ನಗರಾಧಿಕಾರಿಯ ಕಚೇರಿಯಿತ್ತಂತೆ. ಅದರ ಕೈಕೆಳಗೆ 12,000 ಕಾವಲುಗಾರರು. ಅವರ ಸಂಬಳ ದಿನಕ್ಕೆ ಒಟ್ಟು 12,000 ಪಣ. ಆ ಹಣ ವೇಶ್ಯಾವಾಟಿಕೆಗಳ ಆದಾಯದಿಂದ ಬರುತ್ತಿತ್ತು. ಏಳು ಕೋಟೆಗಳೊಳಗೆ ನಡೆಯುವುದನ್ನೆಲ್ಲ ತಿಳಿದುಕೊಂಡಿರುವುದು, ಕಳುವಾದದ್ದನ್ನೂ ಕಳೆದುಹೋದದ್ದನ್ನೂ ಹುಡುಕಿಕೊಡುವುದು ಅವರ ಕೆಲಸ. ಹುಡುಕಿಕೊಡದಿದ್ದರೆ ದಂಡವನ್ನು ಅವರೇ ತೆರಬೇಕು.

ಕಳುವಾದದ್ದು ಸರಿ. ಕಳೆದುಹೋದದ್ದನ್ನೂ? ಊರ ಕಾವಲಿನ ಪದ್ಧತಿಯ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಆ ಒಂದು ಪದವನ್ನು ದಾಟಿ ಮುಂದೆ ಹೋಗಲು ಬಹಳ ದಿನ ಆಗಲಿಲ್ಲ. ಉಂಗುರ ಕಳೆದರೆ, ಎತ್ತು ತಪ್ಪಿಸಿಕೊಂಡರೆ ಆ ಕಚೇರಿಗೆ ಹೋಗುತ್ತಿದ್ದರು ಎಂದು ಊಹಿಸಬಹುದು. ಆದರೆ ಬಡಗಿಯೊಬ್ಬನ ಹೆಂಡತಿ ಟಂಕಸಾಲೆಯ ಎದುರು ನಿಂತು, ನಮ್ಮನೆ ಬೆಕ್ಕು ಮೂರು ದಿನದಿಂದ ಕಾಣುತ್ತಿಲ್ಲ ಎಂದಿದ್ದರೆ? ಹನ್ನೆರಡು ಸಾವಿರದಲ್ಲಿ ಒಬ್ಬನಾದರೂ ಎದ್ದು ಹೊರಡುತ್ತಿದ್ದನೇ?

ಈ ಪ್ರಶ್ನೆ ನನಗೆ ಹುಟ್ಟಿದ್ದು ಗ್ರಂಥಾಲಯದಲ್ಲಿ ಅಲ್ಲ. ಹೊಸಪೇಟೆಯಲ್ಲಿ ಬಸವಣ್ಣ ಕಾಲುವೆಗೆ ಹತ್ತಿರದ ಓಣಿಯೊಂದರಲ್ಲಿ ಬಾಡಿಗೆ ಮನೆ ಹಿಡಿದಿದ್ದೇನೆ. ವಿಜಯನಗರದ ಅರಸರು ತೋಡಿಸಿದ ಆ ಕಾಲುವೆ ಇವತ್ತಿಗೂ ಕಬ್ಬು, ಬಾಳೆಗೆ ನೀರುಣಿಸುತ್ತದೆ. ನನ್ನ ಜೊತೆಗಿರುವ ಬೂದಿ ಎಂಬ ಹೆಣ್ಣುಬೆಕ್ಕು ಕಳೆದ ಚಳಿಗಾಲದ ಒಂದು ಸಂಜೆ ಹೊರಗೆ ಹೋದದ್ದು ರಾತ್ರಿಯಾದರೂ ಬರಲಿಲ್ಲ. ಮೊದಲ ದಿನ ನಾನೊಬ್ಬಳೇ ಹುಡುಕಿದೆ. ಎರಡನೆಯ ದಿನ ಮನೆ ಮಾಲೀಕರ ತಾಯಿ ಸೇರಿಕೊಂಡರು. ಮೂರನೆಯ ದಿನದ ಹೊತ್ತಿಗೆ ಟೈಲರ್ ಅಂಗಡಿಯವರು, ಹಾಲು ಹಾಕುವಾಕೆ, ಎಸ್ಸೆಸ್ಸೆಲ್ಸಿ ಓದುವ ಮೂವರು ಹುಡುಗರು, ಹೂ ಕಟ್ಟುವ ಅಮ್ಮ, ಎಲ್ಲರಿಗೂ ಇದು ಓಣಿಯ ಕೆಲಸವಾಗಿಬಿಟ್ಟಿತ್ತು. "ನಿಮ್ ಬೆಕ್ಕ ಸಿಕ್ತೇನ್ರಿ?" ಅನ್ನುವುದು "ಊಟ ಆತೇನ್ರಿ?" ಅನ್ನುವಷ್ಟು ಸಹಜವಾಯಿತು. ರಾತ್ರಿ ಹುಡುಗರು ಮೊಬೈಲ್ ಟಾರ್ಚನ್ನು ನೆಲಮಟ್ಟದಲ್ಲಿ ಹಿಡಿದು ಬೇಲಿಗಳೊಳಗೆ ಬೆಳಕು ಬಿಡುತ್ತಿದ್ದರು, ಕಣ್ಣು ಹೊಳೆದರೆ ಕಾಣಲಿ ಎಂದು. ಹೊಳೆದವು, ಬೇರೆ ಬೆಕ್ಕುಗಳವು. ನಮ್ಮ ಓಣಿಯಲ್ಲಿ ಅಷ್ಟೊಂದು ಬೆಕ್ಕುಗಳಿರುವುದು ನಮಗೇ ಗೊತ್ತಿರಲಿಲ್ಲ.

ಆ ಮೂರು ದಿನಗಳಲ್ಲಿ ಕಿವಿಗೆ ಬಿದ್ದ ಜ್ಞಾನಕ್ಕೆ ಲೆಕ್ಕವಿಲ್ಲ. ಗಂಡುಬೆಕ್ಕಾದರೆ ಹದಿನೈದು ದಿನಕ್ಕೆ ಬರುತ್ತದೆ, ಹೆಣ್ಣಾದರೆ ಮರಿಯಿಟ್ಟಿರುತ್ತದೆ. ಬೆಕ್ಕು ಮನೆಯನ್ನು ನಂಬುತ್ತದೆ, ನಾಯಿ ಮನುಷ್ಯನನ್ನು ನಂಬುತ್ತದೆ. ತಾನು ಸಾಯುವುದನ್ನು ಮನೆಯವರಿಗೆ ತೋರಿಸುವುದಿಲ್ಲ. ಕಂಪ್ಲಿ ಕಡೆ ಹೋಗುವ ಭತ್ತದ ಲಾರಿ ಹತ್ತಿರಬಹುದು. ಸಂಡೂರಿನ ಗುಡ್ಡದಿಂದ ಚಿರತೆ ಇಳಿದಿರಬಹುದು ಎಂಬಲ್ಲಿಗೂ ಹೋಯಿತು. ಅದರ ಜೊತೆಗೇ ಇನ್ನೊಂದು ಮಾತೂ ಬಂತು. ಕಾಲುವೆಯ ದಂಡೆಯ ಮೇಲೆ ಟೆಂಟು ಹಾಕಿಕೊಂಡಿದ್ದ ಕೆಲವು ಕುಟುಂಬಗಳಿದ್ದವು. ಪ್ಲಾಸ್ಟಿಕ್ ಸಾಮಾನು ಮಾರುವವರು. "ಅವ್ರನ್ನ ಒಮ್ಮೆ ಕೇಳಿ ನೋಡ್ರಿ," ಎಂದರು ಒಬ್ಬರು. ಕೇಳುವ ದನಿಯಲ್ಲಿ ಹೇಳಿದ ಮಾತು ಅದಾಗಿರಲಿಲ್ಲ. ಅವರು ಬೆಕ್ಕು ತಿನ್ನುತ್ತಾರಂತೆ ಎಂಬ ಪಿಸುಮಾತು ಹಿಂದೆಯೇ ಬಂತು.

ಇಲ್ಲಿ ಅಬ್ದುರ್ ರಜಾಕನ ಪುಟಕ್ಕೆ ಮತ್ತೆ ಹೋಗಬೇಕು. ಕಳೆದದ್ದನ್ನು ಹುಡುಕುವ ಆ ವ್ಯವಸ್ಥೆಗೆ ಅವನು ಕೊಡುವ ಉದಾಹರಣೆ ಉಂಗುರದ್ದೂ ಅಲ್ಲ, ಕುದುರೆಯದ್ದೂ ಅಲ್ಲ. ಅವನ ಜೊತೆಗಾರನೊಬ್ಬ ತಂದಿದ್ದ ಗುಲಾಮರು ತಪ್ಪಿಸಿಕೊಂಡು ಓಡಿದರು. ದೂರು ಹೋಯಿತು. ನಗರಾಧಿಕಾರಿ ಮಾಡಿದ್ದೇನೆಂದರೆ, ಊರಿನ ಕಡುಬಡವರು ವಾಸಿಸುವ ಕೇರಿಯ ಕಾವಲುಗಾರರನ್ನು ಹಿಡಿದು, ಗುಲಾಮರನ್ನು ತಂದೊಪ್ಪಿಸಿ, ಇಲ್ಲವೇ ದಂಡ ಕಟ್ಟಿ ಎಂದದ್ದು. ಅವರು ಮೊತ್ತ ಎಷ್ಟೆಂದು ವಿಚಾರಿಸಿಕೊಂಡು ಕಟ್ಟಿಬಿಟ್ಟರು. ರಜಾಕನಿಗೆ ಇದು ಒಳ್ಳೆಯ ಆಡಳಿತದ ಸಾಕ್ಷಿ. ನನಗೆ ಅದರಲ್ಲಿ ಕಾಣುವುದು ಬೇರೆ ಎರಡು ಸಂಗತಿ. ಕಳೆದುಹೋದವರು ಸಿಗಲು ಇಷ್ಟವಿಲ್ಲದವರು; ಅವರು ಬಹುಶಃ ಸಿಗಲೂ ಇಲ್ಲ, ಸಿಕ್ಕಿದ್ದರೆ ದಂಡ ಏಕೆ? ಮತ್ತು ಏನು ಕಳೆದರೂ ಮೊದಲ ಸಂಶಯ ಹರಿಯುವುದು ಬಡವರ ಕೇರಿಯ ಕಡೆಗೆ. 580 ವರ್ಷವಾದರೂ ಆ ದಾರಿ ಬದಲಾಗಿಲ್ಲ.

ಟೆಂಟಿನವರನ್ನು ನಾವು ಕೇಳಿದೆವು, ಮಿಕ್ಕ ಮನೆಗಳನ್ನು ಕೇಳಿದ ಹಾಗೆಯೇ. ಅವರಲ್ಲೊಬ್ಬ ಹೆಂಗಸು ನನ್ನನ್ನೇ ತಿರುಗಿ ಕೇಳಿದಳು: "ಬೀಗ ಹಾಕಿದ ಮನಿ ನೋಡೀರೇನು?" ನೋಡಿರಲಿಲ್ಲ. ಹಿಂದಿನ ಓಣಿಯ ಒಂದು ಕುಟುಂಬ ನಾಲ್ಕು ದಿನದ ಹಿಂದೆ ನೆಂಟರ ಮನೆಯ ಕಾರ್ಯಕ್ಕೆಂದು ಕಂಪ್ಲಿಗೆ ಹೋಗಿತ್ತು. ಕಿಟಕಿಗೆ ಕಿವಿಗೊಟ್ಟರೆ ಒಳಗಿನಿಂದ ಸಣ್ಣ ಕೂಗು. ಫೋನ್ ಮಾಡಿದರೆ, ಇನ್ನೊಂದು ಕೀಲಿ ಹೂ ಕಟ್ಟುವ ಅಮ್ಮನ ಹತ್ತಿರ ಇದೆ ಎಂದರು. ಮೂರು ದಿನದಿಂದ ನಮ್ಮ ಜೊತೆ ಹುಡುಕುತ್ತಿದ್ದ ಆ ಅಮ್ಮನ ಸೆರಗಿನ ಗಂಟಿನಲ್ಲೇ ಕೀಲಿಯಿತ್ತು. ಬಚ್ಚಲಿನ ಬಕೆಟ್ಟಿನ ನೀರು ಕುಡಿದು ಬೂದಿ ಬದುಕಿತ್ತು. ಟೆಂಟಿನವರ ಬಗ್ಗೆ ಪಿಸುಗುಟ್ಟಿದವರು ಆಮೇಲೆ ಆ ಮಾತನ್ನು ಎತ್ತಲಿಲ್ಲ, ನಾವೂ ಎತ್ತಲಿಲ್ಲ. ವಾರದೊಳಗೆ ಟೆಂಟುಗಳೂ ಬೇರೆ ಊರಿಗೆ ಹೋಗಿದ್ದವು.

ಕಳೆದ ಬೆಕ್ಕುಗಳ ಬಗ್ಗೆ ಈಗ ವಿಜ್ಞಾನವೂ ಇದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಬೆಕ್ಕು ಕಳೆದುಕೊಂಡ 1,210 ಜನರನ್ನು ವಿಚಾರಿಸಿತ್ತು. ಮೂರನೆಯ ಒಂದರಷ್ಟು ಬೆಕ್ಕುಗಳು ಏಳು ದಿನದೊಳಗೆ ಜೀವಂತವಾಗಿ ಸಿಕ್ಕಿದ್ದವು. ಸಿಕ್ಕವುಗಳಲ್ಲಿ ನೂರಕ್ಕೆ 75ರಷ್ಟು, ಕಳೆದ ಜಾಗದಿಂದ 500 ಮೀಟರಿನೊಳಗೇ ಇದ್ದವು. ಅಂದರೆ ಬೆಕ್ಕು ದೂರ ಹೋಗುವುದು ಕಡಿಮೆ. ಅದು ಒಂದು ಓಣಿಯಷ್ಟು ಜಗತ್ತಿನೊಳಗೇ, ಯಾರದೋ ಅಟ್ಟದಲ್ಲೋ ಕೊಟ್ಟಿಗೆಯಲ್ಲೋ ಇರುತ್ತದೆ. ಹುಡುಕಬೇಕೆಂದರೆ ಅಕ್ಕಪಕ್ಕದವರ ಬಾಗಿಲು ತಟ್ಟದೆ ಬೇರೆ ದಾರಿಯಿಲ್ಲ. ಎಮ್ಮೆ ಕಳೆದರೆ ಊರಿನ ಗಡಿ ದಾಟಬೇಕು, ಬೆಕ್ಕು ಕಳೆದರೆ ನೆರೆಮನೆಯ ಹೊಸ್ತಿಲು ದಾಟಬೇಕು.

ಎಮ್ಮೆಗೆ ವ್ಯವಸ್ಥೆಯಿತ್ತು. ವಿಜಯನಗರದ ಕಾಲದ ಹಳ್ಳಿಗಳಲ್ಲಿ ಆಯಗಾರರೆಂದು ಕರೆಸಿಕೊಂಡ ಹನ್ನೆರಡು ಮಂದಿಯಲ್ಲಿ ತಳವಾರನೂ ಒಬ್ಬ. ಊರಿನೊಳಗೆ ಕಳವಾದರೆ ಪತ್ತೆ ಹಚ್ಚುವುದು ಅವನ ಹೊಣೆ, ಆಗದಿದ್ದರೆ ತುಂಬಿಕೊಡಬೇಕು. ಹೆಜ್ಜೆಯ ಜಾಡು ಪಕ್ಕದ ಊರಿನ ಗಡಿ ದಾಟಿತೆಂದು ತೋರಿಸಿದರೆ ಹೊಣೆಯೂ ಆ ಊರಿನ ತಳವಾರನಿಗೆ ದಾಟುತ್ತಿತ್ತು. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋಗೆ ಎದುರಾದದ್ದು ಪಾಳೆಯಗಾರರು ಮತ್ತು ತಳವಾರರ ಇಂಥ ಕಾವಲಿನ ಜಾಲವೇ. ಆದರೆ ಈ ಸೀಮೆಯ ಗಡಿಗಳೇ ವಿಚಿತ್ರ. ಹೊಸಪೇಟೆ, ಹಂಪಿ, ಕಂಪ್ಲಿ ಮದರಾಸು ಪ್ರೆಸಿಡೆನ್ಸಿಯಲ್ಲಿ. ದಕ್ಷಿಣಕ್ಕೆ ಗುಡ್ಡ ಹತ್ತಿ ಇಳಿದರೆ ಸಂಡೂರು, 1949ರಲ್ಲಿ ವಿಲೀನವಾಗುವವರೆಗೂ ಘೋರ್ಪಡೆ ಮನೆತನದ ಸಂಸ್ಥಾನ. ತುಂಗಭದ್ರೆಯಾಚೆ ಆನೆಗುಂದಿ, ಗಂಗಾವತಿಗಳು ಹೈದರಾಬಾದಿನ ನಿಜಾಮನ ನೆಲ, 1948ರವರೆಗೆ. ಒಂದು ಎತ್ತು ಹಗ್ಗ ಕಿತ್ತುಕೊಂಡು ಬೆಳಗಾಗುವುದರೊಳಗೆ ಮೂರು ಸರಕಾರಗಳಲ್ಲಿ ಎರಡನ್ನು ಕಂಡು ಬರಬಹುದಿತ್ತು. ಅದರ ಹಿಂದೆ ಹೋದವನು ಎಷ್ಟು ಕಚೇರಿ ಅಲೆಯಬೇಕಿತ್ತೋ.

ಹುಡುಕಾಟ ಒಂದು ರಾಜ್ಯವನ್ನೇ ಮುಳುಗಿಸಿದ್ದೂ ಇದೇ ನೆಲದಲ್ಲಿ. ದೆಹಲಿಯ ಮಹಮ್ಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದು ಸೋತ ಅವನ ಬಂಧು ಬಹಾವುದ್ದೀನ್ ಗುರ್ಷಾಸ್ಪ್ ಕಂಪಿಲಿಯ ಅರಸನ ಆಶ್ರಯಕ್ಕೆ ಬಂದ. ಬಾಗಿಲಿಗೆ ಬಂದವನನ್ನು ಒಪ್ಪಿಸುವುದಿಲ್ಲ ಎಂದು ಕಂಪಿಲರಾಯ ಹಟ ಹಿಡಿದ. 1327ರಲ್ಲಿ ಕಂಪಿಲಿ ನೆಲಸಮವಾಯಿತು, ಅರಸ ಸತ್ತ. ಸಾಯುವ ಮೊದಲು ಅತಿಥಿಯನ್ನು ಅವನು ದಾಟಿಸಿದ್ದು ನೆರೆಯ ಹೊಯ್ಸಳ ಬಲ್ಲಾಳನ ಕಡೆಗೆ. ಬಲ್ಲಾಳ ಅವನನ್ನು ಹಿಡಿದುಕೊಟ್ಟ. ಒಬ್ಬ ನೆರೆಯವನು ಮರೆಮಾಡಿದ, ಇನ್ನೊಬ್ಬ ತೋರಿಸಿಕೊಟ್ಟ. ಈ ನಾಶದ ಬೆನ್ನಿಗೇ ವಿಜಯನಗರ ಎದ್ದು ನಿಂತಿತು ಎಂಬುದು ಎಲ್ಲರಿಗೂ ಗೊತ್ತಿರುವ ಕಥೆ.

ಅದಿರಲಿ, ಪ್ರಾಣಿಗಳಿಗೆ ಬರೋಣ. 1871ರ ದನಗಳ ಅತಿಕ್ರಮ ಪ್ರವೇಶ ಕಾಯ್ದೆಯನ್ನು ಓದುವುದು ಒಂದು ಸುಖ. ದೊಡ್ಡಿಗೆ, ಕೆಲವೆಡೆ ಕೊಂಡವಾಡ ಎನ್ನುತ್ತಾರೆ, ತಂದು ಕೂಡಿದ ದನವನ್ನು ಏಳು ದಿನದೊಳಗೆ ಯಾರೂ ಬಿಡಿಸಿಕೊಳ್ಳದಿದ್ದರೆ ದೊಡ್ಡಿಯ ಕಾವಲುಗಾರ ಪೊಲೀಸು ಠಾಣೆಗೆ ವರದಿ ಕೊಡಬೇಕು. ಠಾಣೆಯವರು ಪ್ರಾಣಿಗಳ ಸಂಖ್ಯೆ, ಚಹರೆ, ಸಿಕ್ಕ ಜಾಗ ಬರೆದು ಗೋಡೆಗೆ ಅಂಟಿಸಬೇಕು. ಹತ್ತಿರದ ಊರಿನಲ್ಲೂ ಸಂತೆಯಲ್ಲೂ ಡಂಗುರ ಸಾರಿಸಬೇಕು. ಇನ್ನೂ ಏಳು ದಿನ ಕಾದು ಆಮೇಲೆ ಹರಾಜು. ದನ ಎಂದರೆ ಯಾವುದೆಲ್ಲ ಎಂಬುದಕ್ಕೆ ಆ ಕಾಯ್ದೆ ಕೊಡುವ ಪಟ್ಟಿ ಉದ್ದವಾಗಿದೆ: ಆನೆ, ಒಂಟೆ, ಎಮ್ಮೆ, ಕುದುರೆ, ತಟ್ಟು, ಹೇಸರಗತ್ತೆ, ಕತ್ತೆ, ಹಂದಿ, ಕುರಿ, ಆಡು, ಮರಿಗಳ ಸಮೇತ. ಬಳ್ಳಾರಿ ಜಿಲ್ಲೆಯ ಹೊಲಕ್ಕೆ ಆನೆ ನುಗ್ಗಿದರೆ ಏನು ಮಾಡಬೇಕೆಂದು ಸರಕಾರ ಯೋಚಿಸಿತ್ತು. ಬೆಕ್ಕು ಆ ಪಟ್ಟಿಯಲ್ಲಿಲ್ಲ. ಬೆಕ್ಕಿಗಾಗಿ ಡಂಗುರ ಹೊಡೆಯಬೇಕಾದ ಅಗತ್ಯ ಯಾವ ಠಾಣೆಗೂ ಇರಲಿಲ್ಲ.

ಹೀಗೆ ಒಂದೊಂದೇ ದಾಖಲೆ ತೆರೆದು ನೋಡಿದರೆ ಬೆಕ್ಕು ಜಾಗ ಬಿಟ್ಟು ಕದಲಿರುತ್ತದೆ. 1860ರ ದಂಡಸಂಹಿತೆ ಆನೆ, ಒಂಟೆ, ಕುದುರೆ, ಎತ್ತು, ಹಸುಗಳನ್ನು ಬೆಲೆ ಎಷ್ಟೇ ಇರಲಿ ರಕ್ಷಿಸುತ್ತಿತ್ತು. ಉಳಿದ ಪ್ರಾಣಿಯಾದರೆ ಅದರ ಬೆಲೆ ಹತ್ತು ರೂಪಾಯಿಯಾದರೂ ಇರಬೇಕು, ಆಗ ಮಾತ್ರ ಕೊಂದವನಿಗೆ ಆ ಕಲಮಿನಡಿ ಶಿಕ್ಷೆ. ಓಣಿಯ ಬೆಕ್ಕಿಗೆ ಹತ್ತು ರೂಪಾಯಿ ಎಂದು ಆ ಕಾಲದಲ್ಲಿ ಯಾರು ರುಜುವಾತು ಮಾಡಬೇಕಿತ್ತು? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಬೆಲೆಯ ಮಿತಿಯೇ ಹೋಗಿ, ಯಾವುದೇ ಪ್ರಾಣಿ ಎಂದಾಗಿದೆ. 2019ರ 20ನೇ ಜಾನುವಾರು ಗಣತಿಯಲ್ಲಿ ನಾಯಿ, ಮೊಲ, ಆನೆಗಳಿಗೂ ಕಾಲಂ ಇದೆ. ಬೆಕ್ಕಿಗಿಲ್ಲ.

ನಾಯಿಗೆ ನಮ್ಮಲ್ಲಿ ಕಲ್ಲೇ ಇದೆ. 949ರ ಹೊತ್ತಿನ ಆತಕೂರು ಶಾಸನ ಗೊತ್ತಲ್ಲ? ಯುದ್ಧದಲ್ಲಿ ಮೆಚ್ಚಿಸಿದ ಮಣಲೆರನಿಗೆ ಅರಸ ಬೂತುಗ ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯ ಜೊತೆ ಕಾದಾಡಿ ಅದನ್ನು ಕೊಂದು ತಾನೂ ಸತ್ತಿತು. ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು. ಕುದುರೆಯ ಮಾತಂತೂ ಕೇಳುವುದೇ ಬೇಡ. ಸಾಳುವ ನರಸಿಂಹ ಅರಬ್ಬೀ ಕುದುರೆಗಳನ್ನು ಸತ್ತರೂ ಬದುಕಿದರೂ ಒಂದೇ ಬೆಲೆಗೆ ಕೊಳ್ಳುತ್ತಿದ್ದ, ಸಮುದ್ರದ ದಾರಿಯಲ್ಲಿ ಸತ್ತದ್ದರ ಬಾಲ ತಂದು ತೋರಿಸಿದರೂ ದುಡ್ಡು ಎಣಿಸುತ್ತಿದ್ದ ಎಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಬರೆಯುತ್ತಾನೆ.

ಅದೇ ನೂನಿಜನ ಬರಹದಲ್ಲಿ ಬೆಕ್ಕೂ ಸಿಗುತ್ತದೆ, ಆದರೆ ನಾವು ಬಯಸುವ ಜಾಗದಲ್ಲಲ್ಲ. 1535ರ ಆಸುಪಾಸಿನಲ್ಲಿ, ಅಚ್ಯುತರಾಯನ ಕಾಲದಲ್ಲಿ ಇಲ್ಲಿದ್ದ ಅವನು ಅರಸರ ಊಟದ ಪಟ್ಟಿ ಕೊಡುತ್ತಾನೆ. ದನದ ಮಾಂಸ ಒಂದು ಬಿಟ್ಟು ಕುರಿ, ಹಂದಿ, ಜಿಂಕೆ, ಮೊಲ, ಹಲವು ಬಗೆಯ ಹಕ್ಕಿ, ಕೊನೆಗೆ ಗುಬ್ಬಿ, ಇಲಿ, ಬೆಕ್ಕು, ಹಲ್ಲಿಯ ಜಾತಿಯವು. ಇವೆಲ್ಲ ಬಿಸ್ನಗದ ಸಂತೆಯಲ್ಲಿ ಮಾರಾಟಕ್ಕಿದ್ದವು ಎನ್ನುತ್ತಾನೆ. ಬೇಟೆಯ ಪ್ರಾಣಿಗಳನ್ನು ಜೀವಂತವಾಗಿಯೇ ಮಾರಬೇಕಿತ್ತಂತೆ, ಕೊಳ್ಳುವವನಿಗೆ ತಾನು ಏನು ಕೊಂಡೆನೆಂದು ತಿಳಿಯಲಿ ಎಂದು. ಈ ಸಾಲನ್ನು ಮೊದಲ ಸಲ ಓದಿದಾಗ ಬೂದಿ ನನ್ನ ಮೇಜಿನ ಕೆಳಗೆ ಮಲಗಿತ್ತು. ಪಟ್ಟಿ ಬೇಟೆಯದಾಗಿರುವುದರಿಂದ ಅದು ಕಾಡುಬೆಕ್ಕೋ ಪುನುಗಿನ ಬೆಕ್ಕೋ ಆಗಿರುವ ಸಾಧ್ಯತೆಯೇ ಹೆಚ್ಚು ಎಂದು ನನ್ನ ಎಣಿಕೆ. ಹಳಗನ್ನಡದ ಬೆರ್ಕು ಎಂಬ ರೂಪವೇ ನಮ್ಮ ಬೆಕ್ಕಾಗಿದೆ. ತಮಿಳಿನ ವೆರುಕು ಅದರ ದಾಯಾದಿ, ಅಲ್ಲಿ ಅದಕ್ಕೆ ಕಾಡಿನ ವಾಸನೆ ಇನ್ನೂ ಇದೆ. ಏನೇ ಆಗಲಿ, ಇವತ್ತು ಟೆಂಟಿನವರ ಬಗ್ಗೆ ಪಿಸುಗುಟ್ಟುವ ಮಾತನ್ನು ಆ ಕಾಲದ ಪರದೇಶಿ ರಾಯರ ಅಡುಗೆಮನೆಯ ಬಗ್ಗೆ ಬರೆದಿದ್ದಾನೆ. ಹಂಪಿ ಉತ್ಸವದ ವೇದಿಕೆಯಲ್ಲಿ ಈ ಸಾಲನ್ನು ಓದುವವರನ್ನು ನಾನಂತೂ ಕಂಡಿಲ್ಲ.

ಜನರ ಬಾಯಲ್ಲಿ ಮಾತ್ರ ವಿಜಯನಗರದ ಬೆಕ್ಕು ಬೇರೆಯೇ. ತೆನಾಲಿ ರಾಮಕೃಷ್ಣನ ಕಥೆ ಎಲ್ಲರಿಗೂ ಗೊತ್ತು: ಊರಲ್ಲಿ ಇಲಿ ಹೆಚ್ಚಾಗಿ, ಕೃಷ್ಣದೇವರಾಯ ಮನೆಮನೆಗೆ ಒಂದು ಬೆಕ್ಕು, ಅದರ ಹಾಲಿಗೊಂದು ಹಸು ಕೊಡಿಸಿದ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲಿಟ್ಟ, ಬೆಕ್ಕು ಆಮೇಲೆ ಹಾಲು ಕಂಡರೆ ಓಟ ಕಿತ್ತಿತು, ಹಾಲೆಲ್ಲ ಇವನ ಪಾಲಾಯಿತು. ಕಥೆ ಇತಿಹಾಸವಲ್ಲ. ಆದರೆ ಅದರಲ್ಲಿ ಸರಕಾರ ಬೆಕ್ಕನ್ನು ಗಮನಿಸಿದ ಕಾರಣ ಇತಿಹಾಸದ್ದೇ: ಇಲಿ. 1898ರಲ್ಲಿ ಹುಬ್ಬಳ್ಳಿ, ಬೆಂಗಳೂರುಗಳಿಗೆ ಪ್ಲೇಗು ಬಂತು, ಬಳ್ಳಾರಿ ಜಿಲ್ಲೆಯನ್ನೂ ಬಿಡಲಿಲ್ಲ. ಇಲಿ ಬಿದ್ದರೆ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕುವುದು ಆ ಕಾಲದ ಬದುಕಾಯಿತು. ಆಂಡ್ರ್ಯೂ ಬುಕಾನನ್ ಎಂಬ ಸೇನಾ ವೈದ್ಯಾಧಿಕಾರಿ ವಿದರ್ಭದ ಅಮರಾವತಿಯ ಅನುಭವದ ಮೇಲೆ, ಬೆಕ್ಕು ಹೆಚ್ಚಿರುವ ಹಳ್ಳಿಗಳಲ್ಲಿ ಪ್ಲೇಗು ಕಡಿಮೆ, ಬೆಕ್ಕು ಸಾಕಿರಿ ಎಂದು 1908ರ ಸುಮಾರಿಗೆ ಬರೆದ. ಬೆಕ್ಕಿಗೂ ಪ್ಲೇಗು ತಗಲುತ್ತದೆ, ಅದರಿಂದ ಮನುಷ್ಯರಿಗೂ ಹಬ್ಬಬಹುದು ಎಂದು ಈಗ ನಮಗೆ ಗೊತ್ತು. ಮನೆ ಬಿಟ್ಟು ಗುಡಿಸಲಿಗೆ ಹೋದವರ ಹಿಂದೆ ಬೆಕ್ಕು ಹೋಗುತ್ತಿತ್ತೇ? ಮನೆಯನ್ನು ನಂಬುವ ಪ್ರಾಣಿ ಅದು. ಖಾಲಿ ಮನೆಯಲ್ಲೇ ಉಳಿದಿದ್ದರೆ ಆಶ್ಚರ್ಯವಿಲ್ಲ.

ಇದನ್ನೆಲ್ಲ ಜೋಡಿಸುತ್ತ ಹೋದಂತೆ ನನ್ನ ಮೊದಲ ಪ್ರಶ್ನೆಗೆ ಉತ್ತರ ಹೊಳೆ ಹೊಳೆಯಿತು. ಬಡಗಿಯ ಹೆಂಡತಿ ನಗರಾಧಿಕಾರಿಯ ಕಚೇರಿಗೆ ಹೋಗುತ್ತಲೇ ಇರಲಿಲ್ಲ. ಕಾವಲುಗಾರ ಎದ್ದು ಹೊರಡಲು ಕಳೆದದ್ದಕ್ಕೆ ಬೆಲೆ ಇರಬೇಕು, ಒಬ್ಬನೇ ಒಡೆಯನಿರಬೇಕು. ಬೆಕ್ಕಿಗೆ ಎರಡೂ ಇಲ್ಲ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ಶ್ರೀವೈಷ್ಣವರು ಇದನ್ನೇ ಮಾರ್ಜಾಲಕಿಶೋರ ನ್ಯಾಯವೆಂದು ತತ್ತ್ವಕ್ಕೇರಿಸಿದರು: ತಾಯಿಯೇ ಕಚ್ಚಿಕೊಂಡು ಹೋಗುತ್ತದೆ, ಮರಿ ಸುಮ್ಮನಿದ್ದರೆ ಸಾಕು. ತತ್ತ್ವಶಾಸ್ತ್ರಜ್ಞರು ಆ ಏಳು ಮನೆಗಳ ಯಜಮಾನಿಯರನ್ನು ಮಾತ್ರ ಕೇಳಿದಂತಿಲ್ಲ. ಅಟ್ಟದಲ್ಲಿ ಮರಿಯಿಟ್ಟ ಬೆಕ್ಕನ್ನು ಬೈಯುತ್ತಲೇ ಹಳೇ ಸೀರೆ ಹಾಸಿಕೊಟ್ಟವರು ಅವರೇ. ಬೆಕ್ಕು ಎಲ್ಲಿದೆಯೆಂಬ ತಿಳಿವಳಿಕೆ ಈ ಏಳು ಮನೆಗಳಲ್ಲಿ ಚೂರುಚೂರಾಗಿ ಹಂಚಿಹೋಗಿರುತ್ತದೆ. ಒಬ್ಬರು ಸಂಜೆ ಗೋಡೆಯ ಮೇಲೆ ಕಂಡಿರುತ್ತಾರೆ, ಒಬ್ಬರು ರಾತ್ರಿ ಕೂಗು ಕೇಳಿರುತ್ತಾರೆ, ಒಬ್ಬರ ಸೆರಗಿನಲ್ಲಿ ಕೀಲಿ ಇರುತ್ತದೆ. ತಳವಾರನಿಗೂ ಠಾಣೆಗೂ ಬೇಡವಾದ ಈ ಕೆಲಸವನ್ನು ಓಣಿ ಸಂಬಳವಿಲ್ಲದೆ ಮಾಡುತ್ತ ಬಂದಿದೆ; ಹಾಗಾಗಿಯೇ ಅದರ ದಾಖಲೆ ಎಲ್ಲೂ ಇಲ್ಲ.

ದಾಖಲೆಯಿರುವುದು ಓಣಿಗಳು ಒಡೆದುಹೋದದ್ದಕ್ಕೆ. 1565ರ ಜನವರಿ 23ರ ರಕ್ಕಸತಂಗಡಿ ಯುದ್ಧದ ಬಳಿಕ ಊರು ಖಾಲಿಯಾಯಿತು. ಎರಡು ವರ್ಷಕ್ಕೆ ಬಂದ ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್ ಹೇಳುವುದು, ಮನೆಗಳು ಇನ್ನೂ ನಿಂತಿವೆ, ಆದರೆ ಒಳಗೆ ಯಾರೂ ಇಲ್ಲ, ಹುಲಿ ಮತ್ತಿತರ ಕಾಡುಮೃಗಗಳು ವಾಸವಾಗಿವೆಯಂತೆ ಎಂದು. ಬೆಕ್ಕು ಹುಲಿಗೆ ಚಿಕ್ಕಮ್ಮ ಎನ್ನುವ ಜನಪದರಿಗೆ ಇದರಲ್ಲಿ ಕಹಿಯಾದ ತಮಾಷೆ ಕಾಣಬಹುದು. ಒಂದು ತಿಂಗಳಲ್ಲಿ ಮುಗಿಯುವ ಕೆಲಸಕ್ಕೆ ಅವನು ಇಲ್ಲಿ ಏಳು ತಿಂಗಳು ಕೂರಬೇಕಾಯಿತು, ದಾರಿಯಲ್ಲಿ ಕಳ್ಳರ ಕಾಟ. ಹನ್ನೆರಡು ಸಾವಿರ ಕಾವಲುಗಾರರಿದ್ದ ಊರು ಅದು.

1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ನಿಂತಾಗ ನಾರಾಯಣದೇವರಕೆರೆ ಮುಳುಗಿತು. ಜನ ಮರಿಯಮ್ಮನಹಳ್ಳಿಗೆ ಬಂದರು, ದೇವರುಗಳನ್ನೂ ತಂದರು. ಪರಿಹಾರದ ಲೆಕ್ಕಕ್ಕೆ ಮನೆ ಬರುತ್ತದೆ, ಹೊಲ ಬರುತ್ತದೆ, ಮರ ಬರುತ್ತದೆ. ನೆರೆಮನೆ ಬರುವುದಿಲ್ಲ. ಹೊಸ ಊರಿನಲ್ಲಿ ಹಳೆಯ ಓಣಿಯ ಏಳು ಮನೆಗಳು ಅದೇ ಸಾಲಿನಲ್ಲಿ ಕೂರಬೇಕೆಂಬ ನಿಯಮವೇನೂ ಇಲ್ಲವಲ್ಲ.

ಹಂಪಿಯದಂತೂ ನನ್ನ ವಯಸ್ಸಿನವರಿಗೆ ನೆನಪಿರುವ ಘಟನೆ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಂಪಿಯಲ್ಲಿ, ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನ ಕಲ್ಲುಮಂಟಪಗಳಿಗೆ ಗೋಡೆ ಕಟ್ಟಿಕೊಂಡು ಕುಟುಂಬಗಳು ಬದುಕುತ್ತಿದ್ದವು. 2011ರ ಜುಲೈ 29ರಂದು ಬುಲ್ಡೋಜರುಗಳು ಬಂದವು. ಮಂಟಪಗಳಿಗೆ ಅದರಿಂದ ಒಳ್ಳೆಯದಾಗಿರಬಹುದು, ಆ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಸ್ಮಾರಕ ಎಂಬುದನ್ನು ನಾವು ಕಲ್ಲಿಗಷ್ಟೇ ಮೀಸಲಿಟ್ಟೆವು. ಗೋಪುರದಿಂದ ಆ ತುದಿಯ ಏಕಶಿಲಾ ನಂದಿಯವರೆಗೆ ಬೀದಿ ಮುಕ್ಕಾಲು ಕಿಲೋಮೀಟರಿನಷ್ಟಿದೆ. ನಡುವೆ ನಿಂತರೆ ಎರಡೂ ತುದಿಗಳು ಆ ಅಧ್ಯಯನ ಹೇಳುವ 500 ಮೀಟರಿನೊಳಗೇ ಬರುತ್ತವೆ. ಕಳೆದ ಬೆಕ್ಕೊಂದು ಇರಬಹುದಾದಷ್ಟು ಜಾಗ. ಈಗ ಅಲ್ಲಿ ಕಂಬಗಳ ಸಾಲಿದೆ, ಮಂಗಗಳಿವೆ, ಸಂಜೆಯ ಹೊತ್ತು ಫೋಟೊ ತೆಗೆಯುವವರಿದ್ದಾರೆ.

ಗುಡಿಯ ಪಕ್ಕದ ಜನತಾ ಪ್ಲಾಟಿನ ಇಕ್ಕಟ್ಟಿನ ಓಣಿಗಳಲ್ಲಿ ಇನ್ನೂ ಮನೆಗಳಿವೆ. ಕಳೆದ ತಿಂಗಳು ಅಲ್ಲಿ ಮಧ್ಯಾಹ್ನ ಊಟಕ್ಕೆ ಕೂತಾಗ ಮೆಟ್ಟಿಲ ಮೇಲೆ ಬಿಳಿ ಹಳದಿ ಬಣ್ಣದ ಬೆಕ್ಕೊಂದು ಮಲಗಿತ್ತು. ಯಾರದು ಎಂದು ಕೇಳಿದೆ. "ನಮ್ದೇ," ಎಂದಳು ಹೋಟೆಲಿನಾಕೆ. ಎದುರುಮನೆಯ ಅಜ್ಜಿ ಒಳಗಿನಿಂದಲೇ ಕೂಗಿದರು, ರಾತ್ರಿ ಮಲಗೋದು ನಮ್ಮ ಮನ್ಯಾಗ, ಆಕಿದು ಹೆಂಗಾಗ್ತದ ಎಂದು. ಪಕ್ಕದಲ್ಲಿ ಬಟ್ಟೆ ಒಣಹಾಕುತ್ತಿದ್ದವರೂ ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಬೆಕ್ಕು ಎದ್ದು ನಾಲ್ಕನೆಯ ಮನೆಯ ಬಾಗಿಲೊಳಗೆ ನುಗ್ಗಿತು.